ಕಿವಿ ಸೋರ್ತಿದ್ದ ಹುಡುಗನಿಗೆ ಮೆದುಳಲ್ಲಿ ಕೀವು, ಎರಡನೇ ಸಲ ತೆಗೀಬೇಕಂತೆ. ಯಾರಿಗಾದ್ರೂ ಅನುಭವ ಇದ್ಯಾ?

ತೀರ್ಥಹಳ್ಳಿ_ಸೀಮೆ:

ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನಮ್ಮಕ್ಕನ ಮಗ, ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಈಗ ಬೆಂಗಳೂರಲ್ಲಿ ಒಂದು ದೊಡ್ಡಾಸ್ಪತ್ರೆಯ ನ್ಯೂರೋ ವಾರ್ಡಲ್ಲಿದ್ದಾನೆ, ನಾನು ಹೊರಗಡೆ ಕಾರಿಡಾರಲ್ಲಿ ಚಾಪೆ ಹಾಸ್ಕೊಂಡು ಕೂತು ಇದನ್ನ ಟೈಪ್ ಮಾಡ್ತಿದೀನಿ.

ಅವನಿಗೆ ನಾಲ್ಕೈದು ವರ್ಷದವನಿದ್ದಾಗಿಂದ ಎಡಗಿವಿ ಸೋರ್ತಿತ್ತು. ಮಳೆಗಾಲ ಬಂತು ಅಂದ್ರೆ ಶುರು, ದಿಂಬಿನ ಮೇಲೆ ಹಳದಿ ಕಲೆ, ಒಂಥರಾ ಕೆಟ್ಟ ವಾಸನೆ. ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ರಿ ಎಣ್ಣೆ ಬಿಡ್ತಿದ್ರು, ಇಲ್ಲಾಂದ್ರೆ ಪೇಟೆ ಮೆಡಿಕಲ್ಲಿಂದ ಡ್ರಾಪ್ಸ್ ತಂದು ಹಾಕ್ತಿದ್ವಿ, ನಾಲ್ಕು ದಿನಕ್ಕೆ ನಿಲ್ತಿತ್ತು. ದೊಡ್ಡವನಾದ್ರೆ ಸರಿಹೋಗುತ್ತೆ ಅಂತ ಎಲ್ರೂ ಹೇಳೋರು, ನಾವೂ ಹಂಗೇ ಅಂದ್ಕೊಂಡ್ವಿ.

ಹೋದ ತಿಂಗಳು ತಲೆನೋವು ಅಂದ, ಹಿಂದಲೆ ನೋವು. ಬೆಳಿಗ್ಗೆ ಎದ್ದ ತಕ್ಷಣ ವಾಂತಿ, ಆಮೇಲೆ ಆರಾಮಾಗಿ ಇರ್ತಿದ್ದ, ಪಿತ್ತ ಅಂತ ನಿಂಬೆ ಶರಬತ್ತು ಕೊಟ್ವಿ. ಒಂದು ಕ್ಲಿನಿಕ್ಕಲ್ಲಿ ತೋರ್ಸಿದ್ರೆ ಗ್ಯಾಸ್ಟ್ರಿಕ್ ಅಂದ್ರು, ಎರಡನೇ ಸಲ ಹೋದಾಗ ಟೈಫಾಯ್ಡ್ ಇರ್ಬೋದು ಅಂತ ಇಂಜೆಕ್ಷನ್ ಕೊಟ್ರು, ಹಿಂಗೇ ಎಂಟು ದಿನ ಹೋಯ್ತು. ಅಷ್ಟರಲ್ಲಿ ನಡೆಯುವಾಗ ಎಡಕ್ಕೆ ವಾಲೋಕೆ ಶುರುವಾಯ್ತು. ಅಕ್ಕ ಹೇಳ್ತಾಳೆ, ಸ್ಕೂಲಿಗೆ ಹೊರಟವನು ಶರ್ಟಿನ ಗುಂಡಿ ಹಾಕ್ಕೊಳ್ಳೋಕೆ ಹತ್ತು ನಿಮಿಷ ಒದ್ದಾಡಿದ, ಎಡಗೈ ಗುಂಡಿ ಹತ್ರ ಹೋಗೋದು, ಪಕ್ಕಕ್ಕೆ ಜಾರೋದು, ಮತ್ತೆ ಹೋಗೋದು. ಅವತ್ತು ಸಂಜೆನೇ ಅಂಗಳದಲ್ಲಿ ಬಿದ್ದ, ಆಮೇಲೆ ಬರೀ ನಿದ್ದೆ. ಶಿವಮೊಗ್ಗದಲ್ಲಿ ಸಿಟಿ ಸ್ಕ್ಯಾನ್ ಮಾಡಿದವ್ರು ಒಂದು ಗಂಟೆನೂ ಕಾಯ್ಬೇಡಿ ಅಂತ ಆಂಬುಲೆನ್ಸಲ್ಲಿ ಇಲ್ಲಿಗೆ ಕಳ್ಸಿದ್ರು.

ಚಿಕ್ಕಮೆದುಳಲ್ಲಿ ಕೀವಿನ ಗಡ್ಡೆ ಅಂತೆ, ಅಬ್ಸೆಸ್. ರಾತ್ರೋರಾತ್ರಿ ಮೊದ್ಲು ತಲೆಯೊಳಗಿನ ನೀರು ಹೊರಗೆ ಬರೋ ಹಾಗೆ ಒಂದು ಪೈಪ್ ಹಾಕಿದ್ರು, ಆಮೇಲೆ ಕಿವಿ ಹಿಂದೆ ಒಂದು ಸಣ್ಣ ತೂತು ಮಾಡಿ 15 ಎಂಎಲ್ ಕೀವು ತೆಗೆದ್ರು. ಮಾರನೇ ದಿನ ಕಣ್ಣು ಬಿಟ್ಟ, "ಮಾವ, ಮನೆಗೆ ಯಾವಾಗ" ಅಂದ. ನಮಗೆಲ್ಲ ಹೋದ ಜೀವ ಬಂದ ಹಾಗಾಯ್ತು. ಆದ್ರೆ ನಿನ್ನೆ, ಒಂಬತ್ತನೇ ದಿನ, ಮತ್ತೆ ಸ್ಕ್ಯಾನ್ ಮಾಡಿ ಕೀವು ಪುನಃ ತುಂಬ್ಕೊಂಡಿದೆ, ಇನ್ನೊಂದ್ಸಲ ತೆಗೀಬೇಕು, ಸಹಿ ಹಾಕಿ ಅಂತಿದಾರೆ. ಭಾವನ ಅಣ್ಣ ಸಹಿ ಬೇಡವೇ ಬೇಡ, ಮೊದ್ಲನೇ ಸಲ ಸರಿಯಾಗಿ ಮಾಡಿಲ್ಲ, ಮೆದುಳಿಗೆ ಪದೇಪದೇ ಸೂಜಿ ಚುಚ್ಚಿದ್ರೆ ಹುಡುಗ ಬದುಕಿದ್ರೂ ಬುದ್ಧಿ ಇರಲ್ಲ, ಡಿಸ್ಚಾರ್ಜ್ ಮಾಡ್ಸಿ ನಾಟಿ ಔಷಧಿ ಕೊಡ್ಸೋಣ ಅಂತ ಕೂತಿದ್ದಾರೆ. ಅಕ್ಕ ಅಳ್ತಾ ಇದ್ದಾಳೆ, ಭಾವ ಬಾಯೇ ಬಿಡ್ತಿಲ್ಲ.

ಎರಡನೇ ಸಲ ತುಂಬೋದು ನಿಜವಾಗ್ಲೂ ಆಗುತ್ತಾ? ಆರು ವಾರ ಇಂಜೆಕ್ಷನ್ ಅಂತಿದಾರೆ, ಅಷ್ಟು ಯಾಕೆ? ಮೊದಲಿನ ಹಾಗೆ ಆಗ್ತಾನಾ? ನಾಳೆ ಬೆಳಿಗ್ಗೆ ರೌಂಡ್ಸಿಗೆ ಬರೋದ್ರೊಳಗೆ ಹೇಳ್ಬೇಕು.

---

ಹಾಸನದ_ಅಮ್ಮ:

ತಮ್ಮಾ, ಮೊದ್ಲು ಒಂದು ಮಾತು ಹೇಳ್ಬಿಡ್ತೀನಿ, ನನ್ನ ಮಗಳಿಗೆ ಮೂರು ಸಲ ತೆಗೆದ್ರು. ಮೂರು ಸಲ. ಅವಳಿಗಾಗ ಏಳು ವರ್ಷ, ಈಗ ಎಂಟನೇ ಕ್ಲಾಸು, ಭರತನಾಟ್ಯಕ್ಕೆ ಹೋಗ್ತಾಳೆ. ಅವಳಿಗೂ ಕಿವಿಯಿಂದಲೇ ಬಂದಿದ್ದು, ಆದ್ರೆ ಚಿಕ್ಕಮೆದುಳಲ್ಲ, ಕಿವಿ ಮೇಲ್ಭಾಗದ ಟೆಂಪೊರಲ್ ಅಂತಾರಲ್ಲ ಅಲ್ಲಿ. ಅವಳಿಗೆ ಶುರುವಾಗಿದ್ದು ಫಿಟ್ಸಿಂದ.

ಎರಡನೇ ಸಲ ತುಂಬಿದೆ ಅಂದಾಗ ನಮ್ಮನೇಲೂ ಇದೇ ಗಲಾಟೆ. ನಮ್ಮತ್ತೆ ಆಸ್ಪತ್ರೆ ಬಾಗಿಲಲ್ಲೇ ಕೂತು ನನ್ನ ಮೊಮ್ಮಗಳ ತಲೆ ಇನ್ನು ಮುಟ್ಟಬೇಡಿ ಅಂತ ಅತ್ರು. ಅವತ್ತು ನಮ್ಮವರು ಒಂದು ಕೆಲಸ ಮಾಡಿದ್ರು, ಡಾಕ್ಟರ್ ಹತ್ರ ಹೋಗಿ "ಎರಡೂ ಸ್ಕ್ಯಾನ್ ಪಕ್ಕಪಕ್ಕ ಇಟ್ಟು ನಮಗೂ ತೋರ್ಸಿ ಸರ್, ನಮ್ಮಮ್ಮನಿಗೂ ತೋರ್ಸಿ" ಅಂತ ಕೇಳ್ಕೊಂಡ್ರು. ಅವ್ರು ತೋರ್ಸಿದ್ರು. ಮೊದಲನೇದ್ರಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಬಳೆ, ಸುತ್ತ ಬಿಳಿ ಗೆರೆ ಒಳಗೆ ಕಪ್ಪು, ಎರಡನೇದ್ರಲ್ಲಿ ಅದು ನೆಲ್ಲಿಕಾಯಿಯಷ್ಟಾಗಿತ್ತು. ಅತ್ತೆ ಅದನ್ನ ಕಣ್ಣಾರೆ ನೋಡಿದ ಮೇಲೆ ಅವರೇ "ತೆಗೀಲಿ ಬಿಡು" ಅಂದ್ರು. ನೀವೂ ನಾಳೆ ರೌಂಡ್ಸ್ ಟೈಮಲ್ಲಿ ನಿಮ್ಮ ಭಾವನ ಅಣ್ಣನನ್ನ ಜೊತೆಗೆ ನಿಲ್ಸ್ಕೊಂಡು ಹಂಗೇ ಕೇಳಿ. ಬಾಯಲ್ಲಿ ಹೇಳಿದ್ರೆ ಅರ್ಥ ಆಗಲ್ಲ, ಕಣ್ಣಿಗೆ ಕಂಡ್ರೆ ಆಗುತ್ತೆ.

ಆರು ವಾರ ನಿಜಕ್ಕೂ ಕಷ್ಟ ತಮ್ಮಾ, ಸುಳ್ಳು ಹೇಳಲ್ಲ. ಕೈಯಲ್ಲಿ ನರ ಸಿಗದೆ ಮಗು ನರ್ಸ್ ಮುಖ ಕಂಡ್ರೆ ಚೀರ್ತಿತ್ತು. ಆಮೇಲೆ ತೋಳಿಂದ ಒಂದು ಉದ್ದದ ಲೈನ್ ಹಾಕಿದ್ರು, ಪಿಕ್ ಲೈನ್ ಅಂತ, ಅದು ಹಾಕಿದ ಮೇಲೆ ದಿನಾ ಚುಚ್ಚೋದು ತಪ್ತು. ನಿಮ್ಮವನಿಗೂ ಹಾಕೋಕಾಗುತ್ತಾ ಕೇಳಿ.

ದುಡ್ಡಿನ ವಿಷಯ: ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಬರುತ್ತೆ. ಎಪಿಎಲ್ ಆದ್ರೆ ಪ್ಯಾಕೇಜ್ ರೇಟಿನ 30 ಪರ್ಸೆಂಟ್, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆಸ್ಪತ್ರೆ ಒಳಗೇ ಆರೋಗ್ಯಮಿತ್ರ ಅಂತ ಒಬ್ರು ಕೂತಿರ್ತಾರೆ, ರೇಷನ್ ಕಾರ್ಡು ಮತ್ತೆ ಮಗೂದು ಆಧಾರ್ ತಗೊಂಡು ಅವ್ರ ಹತ್ರ ಇವತ್ತೇ ಹೋಗಿ.

---

ದಾವಣಗೆರೆ_ಬೆಣ್ಣೆ:

ನಮ್ಮ ಪಕ್ಕದ ಮನೆ ಹುಡುಗನಿಗೂ ಸ್ಕ್ಯಾನಲ್ಲಿ ಹಿಂಗೇ ಬಳೆ ಥರ ಕಂಡಿತ್ತು, ಫಿಟ್ಸ್ ಬರ್ತಿತ್ತು. ಅವನಿಗೆ ಬರೀ ಮಾತ್ರೇಲೇ ವಾಸಿ ಆಯ್ತು, ಆಪರೇಷನ್ ಏನೂ ಮಾಡ್ಲಿಲ್ಲ. ಹಂಗಿದ್ಮೇಲೆ ಇವ್ರಿಗೂ ಮಾತ್ರೆ ಟ್ರೈ ಮಾಡ್ಬೋದಲ್ವಾ? ಗೊತ್ತಿಲ್ದೆ ಕೇಳ್ತಿದೀನಿ, ಬೇಜಾರು ಮಾಡ್ಕೋಬೇಡಿ.

---

ನರರೋಗ_ಶಸ್ತ್ರ:

ನಾನು ನ್ಯೂರೋಸರ್ಜರಿಯಲ್ಲಿ ಕೆಲಸ ಮಾಡೋನು, ಮಕ್ಕಳ ಕೇಸುಗಳನ್ನ ಜಾಸ್ತಿ ನೋಡ್ತೀನಿ. ನಿಮ್ಮ ಹುಡುಗನ ಸ್ಕ್ಯಾನ್ ನಾನು ನೋಡಿಲ್ಲ, ಅವನನ್ನ ನೋಡ್ತಿರೋ ಡಾಕ್ಟರ್ ಮಾತೇ ಕೊನೇ ಮಾತು, ಆದ್ರೆ ನೀವು ಬರೆದಿರೋದನ್ನ ಓದಿದ್ರೆ ಅವ್ರು ಮಾಡ್ತಿರೋ ಪ್ರತಿಯೊಂದಕ್ಕೂ ಕಾರಣ ಇದೆ, ಅದನ್ನ ಬಿಡಿಸಿ ಹೇಳ್ತೀನಿ.

ಕೀವು ಎಲ್ಲಿಂದ ಬಂತು ಅನ್ನೋದ್ರಿಂದ ಶುರು ಮಾಡೋಣ. ಕಿವಿಯ ತಮಟೆ ಹಿಂದೆ ಒಂದು ಸಣ್ಣ ಕೋಣೆ ಇದೆ, ಅದರ ಹಿಂದೆ ಜೇನುಗೂಡಿನ ಥರ ತೂತುತೂತಾದ ಮೂಳೆ, ಮಾಸ್ಟಾಯ್ಡ್. ಕಿವಿ ಹಿಂದೆ ಕೈಯಿಟ್ಟು ನೋಡಿ, ಗಟ್ಟಿ ಉಬ್ಬು ಸಿಗುತ್ತಲ್ಲ, ಅದೇ. ಈ ಮೂಳೆಯ ಚಾವಣಿ ಮೇಲೆ ಟೆಂಪೊರಲ್ ಮೆದುಳು, ಹಿಂದಿನ ಗೋಡೆ ಆಚೆ ಚಿಕ್ಕಮೆದುಳು, ನಡುವೆ ಕೆಲವು ಕಡೆ ಮೊಟ್ಟೆ ಚಿಪ್ಪಿನಷ್ಟು ತೆಳು ಗೋಡೆ. ಸೋರೋ ಕಿವೀಲಿ ಎರಡು ಥರ ಇದೆ. ಒಂದ್ರಲ್ಲಿ ತಮಟೆ ನಡುವೆ ತೂತು, ನೆಗಡಿ ಆದಾಗ ನೀರು ನೀರಾಗಿ ಸೋರುತ್ತೆ, ಅಪಾಯ ಕಮ್ಮಿ. ಇನ್ನೊಂದ್ರಲ್ಲಿ ಸ್ವಲ್ಪವೇ ಸೋರುತ್ತೆ ಆದ್ರೆ ನಾರುತ್ತೆ, ಅದ್ರಲ್ಲಿ ಕೊಲೆಸ್ಟಿಯಟೋಮಾ ಅನ್ನೋ ಚರ್ಮದ ಚೀಲ ಬೆಳ್ಕೊಂಡು ಸುತ್ತಲಿನ ಮೂಳೇನ ಮೆಲ್ಲಗೆ ತಿಂತಾ ಹೋಗುತ್ತೆ. "ಕೆಟ್ಟ ವಾಸನೆ" ಅಂತ ನೀವು ಬರೆದಿದ್ದೀರಲ್ಲ, ಆ ಎರಡು ಪದ ಓದಿದ ತಕ್ಷಣ ಯಾವ ಕಿವಿ ಡಾಕ್ಟರಿಗಾದ್ರೂ ಕಿವಿ ನೆಟ್ಟಗಾಗುತ್ತೆ. ಇದಕ್ಕೆ ಎಣ್ಣೆ, ಡ್ರಾಪ್ಸ್ ಯಾವುದೂ ಸಾಲಲ್ಲ, ಮೇಲ್ಮೇಲೆ ಒಣಗಿದ ಹಾಗೆ ಕಂಡ್ರೂ ಒಳಗಡೆ ಕೆಲಸ ನಡೀತಾನೇ ಇರುತ್ತೆ.

ಎಡ ಚಿಕ್ಕಮೆದುಳು ಎಡಗೈ ಎಡಗಾಲಿನ ಹಿಡಿತ ನೋಡ್ಕೊಳ್ಳುತ್ತೆ, ಅದಕ್ಕೇ ಎಡಗೈ ಗುಂಡಿ ಬಿಟ್ಟು ಪಕ್ಕಕ್ಕೆ ಹೋಗ್ತಿತ್ತು. ನಿಮ್ಮಕ್ಕ ಗಮನಿಸಿದ್ದು ನಾವು ವಾರ್ಡಲ್ಲಿ ಮೂಗು ಮುಟ್ಟು, ನನ್ನ ಬೆರಳು ಮುಟ್ಟು ಅಂತ ಮಾಡ್ಸಿ ನೋಡೋ ಪರೀಕ್ಷೆನೇ. ಇನ್ನು ಜ್ವರ ಜೋರಿಲ್ಲ ಅಂತ ಕ್ಲಿನಿಕ್ಕಲ್ಲಿ ಗೊತ್ತಾಗದೇ ಇದ್ದಿರ್ಬೋದು. ಜ್ವರ, ತಲೆನೋವು, ಕೈಕಾಲಿನ ತೊಂದರೆ ಮೂರೂ ಒಟ್ಟಿಗೆ ಕಾಣೋದು ಐದರಲ್ಲಿ ಒಬ್ಬರಿಗೋ ಏನೋ, ಅದೇ ಈ ಕಾಯಿಲೆಯ ಕಷ್ಟ.

ಈಗ ಮುಖ್ಯ ಪ್ರಶ್ನೆ, ಯಾಕೆ ಮತ್ತೆ ತುಂಬ್ತು. ಸೋಂಕು ಶುರುವಾದ ಮೊದಲ ದಿನಗಳಲ್ಲಿ ಮೆದುಳು ಆ ಜಾಗದಲ್ಲಿ ಬರೀ ಊದಿ ಮೆತ್ತಗಾಗಿರುತ್ತೆ, ಸುಮಾರು ಎರಡು ವಾರಕ್ಕೆ ಮೈಯೇ ಅದರ ಸುತ್ತ ಒಂದು ಗೋಡೆ ಕಟ್ಟುತ್ತೆ, ಸೋಂಕು ಹರಡದೇ ಇರ್ಲಿ ಅಂತ. ಸ್ಕ್ಯಾನಲ್ಲಿ ಬಳೆ ಥರ ಕಾಣೋದು ಆ ಗೋಡೆ. ಆದ್ರೆ ಅದೇ ಗೋಡೆ ಔಷಧೀನೂ ತಡೆಯುತ್ತೆ. ಕೀವಿನೊಳಗೆ ರಕ್ತನಾಳ ಇಲ್ಲ, ಹಾಗಾಗಿ ಇಂಜೆಕ್ಷನ್ ಎಷ್ಟೇ ಕೊಟ್ರೂ ಒಳಗೆ ಸರಿಯಾಗಿ ಹೋಗಲ್ಲ. ಅದಕ್ಕೇ ಸಾಮಾನ್ಯವಾಗಿ ಎರಡೂವರೆ ಸೆಂಟಿಮೀಟರಿಗಿಂತ ದೊಡ್ಡದಿದ್ರೆ ಕೀವನ್ನ ಹೊರಗೆ ತೆಗೀತೀವಿ. ಸೂಜಿ ಹಾಕಿ ತೆಗೆದಾಗ ಕೀವು ಬರುತ್ತೆ, ಗೋಡೆ ಅಲ್ಲೇ ಉಳಿಯುತ್ತೆ, ಅದರೊಳಗೆ ಉಳಿದ ಕ್ರಿಮಿ ಸಾಯೋವರೆಗೂ ಸ್ವಲ್ಪ ಸ್ವಲ್ಪ ಮತ್ತೆ ಒಸರುತ್ತೆ. ಎರಡನೇ ಸಲ, ಮೂರನೇ ಸಲ ತೆಗೆಯೋದು ಈ ಚಿಕಿತ್ಸೆಯ ಭಾಗವೇ. ಮೊದಲನೇ ಸಲ ತಪ್ಪು ಮಾಡಿದ್ರು ಅಂತ ಇದರಿಂದ ಅರ್ಥ ಬರಲ್ಲ. ಒಂಬತ್ತನೇ ದಿನ ಸ್ಕ್ಯಾನ್ ಮಾಡಿದ್ದೇ ಇದು ತುಂಬ್ತಾ ಇದ್ಯಾ ನೋಡೋಕೆ.

ಹಾಗಾದ್ರೆ ಗೋಡೆ ಸಮೇತ ಪೂರ್ತಿ ಯಾಕೆ ಕಿತ್ತು ಹಾಕಲ್ಲ ಅಂತ ಕೇಳ್ಬೋದು. ಅದನ್ನೂ ಮಾಡ್ತೀವಿ. ಗೋಡೆ ದಪ್ಪ ಆಗಿದ್ರೆ, ಒಳಗೆ ಕೋಣೆ ಕೋಣೆ ಆಗಿದ್ರೆ, ಫಂಗಸ್ ಇದ್ರೆ, ಎರಡು ಮೂರು ಸಲ ತೆಗೆದ್ರೂ ಕುಗ್ಗದೇ ಇದ್ರೆ ಮೂಳೆ ತೆರೆದು ಪೂರ್ತಿ ತೆಗೆಯೋದಿದೆ, ಚಿಕ್ಕಮೆದುಳಿನ ಕೀವಾದ್ರೆ ಕೆಲವು ಸರ್ಜನ್‌ಗಳು ಮೊದಲೇ ಅದನ್ನೇ ಮಾಡ್ತಾರೆ. ಆದ್ರೆ ಮೊದಲ ರಾತ್ರಿ ಪ್ರಜ್ಞೆ ತಪ್ಪೋ ಹಾಗಿದ್ದ ಮಗುವಿಗೆ ದೊಡ್ಡ ಆಪರೇಷನ್ನಿಗಿಂತ ಸಣ್ಣ ತೂತು ಸೇಫು. ತೂತು ಅಂದ್ರೆ ಸುಮಾರು ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು, ಸೂಜಿ ಹೋಗೋದು ಆಗಲೇ ಕೀವಾಗಿರೋ ಜಾಗಕ್ಕೆ, ಎರಡನೇ ಸಲಕ್ಕೆ ಎಷ್ಟೋ ಸಲ ಅದೇ ತೂತು ಸಾಕಾಗುತ್ತೆ. ಬುದ್ಧಿ ಹೋಗುತ್ತೆ ಅಂತ ಹೆದರ್ತಿರೋರಿಗೆ ಹೇಳಿ, ಮೆದುಳಿಗೆ ಹೆಚ್ಚು ಹಾನಿ ಮಾಡೋದು ಆ ಸೂಜಿ ಅಲ್ಲ, ಒಳಗೆ ಉಳಿದ ಕೀವು ಮತ್ತೆ ಅದರ ಒತ್ತಡ.

ಚಿಕ್ಕಮೆದುಳಿನ ಜಾಗ ಬಹಳ ಇಕ್ಕಟ್ಟು. ಮುಂದೆಯೇ ಉಸಿರಾಟ ನಡೆಸೋ ಮೆದುಳಿನ ಕಾಂಡ ಇದೆ, ನಡುವೆ ಮೆದುಳಿನ ನೀರು ಹರಿಯೋ ದಾರಿ. ಗಡ್ಡೆ ಆ ದಾರಿ ಒತ್ತಿದ್ರೆ ಮೇಲುಗಡೆ ನೀರು ಕಟ್ಕೊಳ್ಳುತ್ತೆ, ಬೆಳಗ್ಗಿನ ವಾಂತಿ ಅದರದ್ದೇ, ಮೊದಲು ಪೈಪ್ ಹಾಕಿದ್ದೂ ಅದಕ್ಕೇ. ಕೀವು ಒಡೆದು ಆ ನೀರಿನ ಕೋಣೆಯೊಳಗೆ ಹೋದ್ರೆ ಉಳಿಸೋದು ತುಂಬಾ ತುಂಬಾ ಕಷ್ಟ. ಈಗ ಡಿಸ್ಚಾರ್ಜ್ ಮಾಡ್ಸ್ಕೊಂಡು ಊರಿಗೆ ಕರ್ಕೊಂಡು ಹೋಗೋದು ಅಂದ್ರೆ ಆ ಅಪಾಯಾನ ಜೊತೇಲಿ ಕಟ್ಕೊಂಡು ಹೋದ ಹಾಗೆ.

ನಿಮ್ಮ ಭಾವನ ಅಣ್ಣನಿಗೆ ಒಂದು ಹಳೇ ಕಥೆ ಹೇಳಿ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಲಿಯಂ ಮೆಕೀವನ್ ಅಂತ ಒಬ್ಬ ಸರ್ಜನ್. 1876ರಲ್ಲಿ ಅವರ ಹತ್ರ ಹನ್ನೊಂದು ವರ್ಷದ ಒಬ್ಬ ಹುಡುಗ ಬಂದ. ಆಗ ಎಕ್ಸ್‌ರೇ ಕೂಡ ಇರ್ಲಿಲ್ಲ, ಮಾತು ತಪ್ಪಿದ್ದು, ಮೈಯ ಒಂದು ಕಡೆ ಎಳೆದಿದ್ದು ಇಷ್ಟೇ ನೋಡಿ ಮೆದುಳಿನ ಎಡ ಮುಂಭಾಗದಲ್ಲಿ ಇಂಥದ್ದೇ ಜಾಗದಲ್ಲಿ ಕೀವಿದೆ, ತೆರೆದು ತೆಗೀತೀನಿ ಅಂದ್ರು. ಮನೆಯವ್ರು ಒಪ್ಲಿಲ್ಲ. ಹುಡುಗ ತೀರಿಹೋದ. ಸತ್ತ ಮೇಲೆ, ತಾವು ಬದುಕಿದ್ದಾಗ ಮಾಡ್ಬೇಕು ಅಂದ್ಕೊಂಡಿದ್ದ ಅದೇ ಜಾಗದಲ್ಲಿ ತೆರೆದ್ರೆ ಕೀವು ಅಲ್ಲೇ ಇತ್ತು. 1893ರಲ್ಲಿ ಅವ್ರು ಬರೆದ ಪುಸ್ತಕದಲ್ಲಿ ಮೆದುಳಿನ ಕೀವಿಗೆ ಆಪರೇಷನ್ ಮಾಡಿದ 19 ಜನರಲ್ಲಿ 18 ಜನ ಬದುಕಿದ ಲೆಕ್ಕ ಇದೆ. ಪೆನ್ಸಿಲಿನ್ ಬರೋಕೆ ಇನ್ನೂ ಎಷ್ಟೋ ವರ್ಷ ಇತ್ತು, ಬರೀ ಕೀವು ಹೊರಗೆ ತೆಗೆದಿದ್ರಿಂದಲೇ ಅಷ್ಟು ಜನ ಉಳಿದ್ರು. ಇವತ್ತು ನಮಗೆ ಸಿಟಿ ಇದೆ, ಎಂಆರ್‌ಐ ಇದೆ, ಒಳ್ಳೊಳ್ಳೆ ಆಂಟಿಬಯೋಟಿಕ್ ಇದೆ. ನನಗೆ ಈ ಕಥೆ ಪಾಠ ಮಾಡಿದವ್ರು ಆ 18 ಜನರ ಬಗ್ಗೆ ಜಾಸ್ತಿ ಹೇಳಿದ್ರು, ನನ್ನ ತಲೇಲಿ ಉಳಿದಿರೋದು ಮಾತ್ರ ಆ ಹುಡುಗ.

ಆರು ವಾರ ಯಾಕೆ ಅಂದ್ರೆ, ಕೀವು ಖಾಲಿಯಾದ ಮೇಲೆ ಗೋಡೆಯೊಳಗಿನ ಕ್ರಿಮಿ ಪೂರ್ತಿ ಸಾಯೋಕೆ ಅಷ್ಟು ಬೇಕು. ಆರರಿಂದ ಎಂಟು ವಾರ ಸಾಮಾನ್ಯ. ಸೆಫ್ಟ್ರಿಯಾಕ್ಸೋನು, ಮೆಟ್ರೋನಿಡಜೋಲು, ಜೊತೆಗೆ ವ್ಯಾಂಕೋಮೈಸಿನ್ ಅನ್ನೋ ಆಂಟಿಬಯೋಟಿಕ್ ಕೊಡ್ತಿರ್ಬೋದು, ಕಲ್ಚರ್ ರಿಪೋರ್ಟ್ (ಕೀವಲ್ಲಿರೋ ಕ್ರಿಮಿ ಯಾವುದು ಅಂತ ಲ್ಯಾಬಲ್ಲಿ ಬೆಳೆಸಿ ನೋಡೋದು) ಬಂದ ಮೇಲೆ ಬದಲಾಯಿಸ್ತಾರೆ. ಮೊದಲೇ ಬೇರೆ ಕಡೆ ಇಂಜೆಕ್ಷನ್ ಆಗಿದ್ರೆ ಕಲ್ಚರಲ್ಲಿ ಏನೂ ಬೆಳೆಯದೇ ಇರ್ಬೋದು, ಆಗಲೂ ಚಿಕಿತ್ಸೆ ನಿಲ್ಸಲ್ಲ. ಕೊನೇದಾಗಿ, ಮೂಲ ಇರೋದು ಕಿವೀಲಿ. ಮಾಸ್ಟಾಯ್ಡ್ ಆಪರೇಷನ್ ಮಾಡಿ ಅದನ್ನ ಸರಿ ಮಾಡದೇ ಇದ್ರೆ ಇನ್ನೊಂದು ಸಲ ಬರೋ ಅಪಾಯ ಇದೆ. ಕೆಲವು ಕಡೆ ಅದನ್ನ ಒಟ್ಟಿಗೇ ಮಾಡ್ತಾರೆ, ಕೆಲವು ಕಡೆ ಹುಡುಗ ಚೇತರಿಸ್ಕೊಂಡ ಮೇಲೆ. ತಲೆ ವಾಸಿ ಆಯ್ತಲ್ಲ ಅಂತ ಕಿವಿ ಮಾತ್ರ ಬಿಡ್ಬೇಡಿ.

@ದಾವಣಗೆರೆ_ಬೆಣ್ಣೆ, ನೀವು ಕೇಳಿದ್ದು ಒಳ್ಳೇದಾಯ್ತು, ಇದನ್ನ ತುಂಬಾ ಜನ ಕೇಳ್ತಾರೆ. ನಿಮ್ಮ ಪಕ್ಕದ ಮನೆ ಹುಡುಗನಿಗೆ ಇದ್ದಿದ್ದು ಬಹುಶಃ ನ್ಯೂರೋಸಿಸ್ಟಿಸರ್ಕೋಸಿಸ್, ಲಾಡಿಹುಳದ ಮರಿ ಮೆದುಳಲ್ಲಿ ಕೂತು ಆಗೋದು, ಇಲ್ಲಾ ಕ್ಷಯದ ಗಂಟು. ನಮ್ಮ ದೇಶದಲ್ಲಿ ಮಕ್ಕಳಿಗೆ ಫಿಟ್ಸ್ ಬಂದು ಸ್ಕ್ಯಾನಲ್ಲಿ ಒಂದು ಸಣ್ಣ ಬಳೆ ಕಂಡ್ರೆ ಹೆಚ್ಚಾಗಿ ಇವೆರಡರಲ್ಲಿ ಒಂದು, ಅವು ಸಾಮಾನ್ಯವಾಗಿ ಔಷಧಿಯಲ್ಲೇ ಹೋಗುತ್ತೆ. ನೋಡೋಕೆ ಒಂದೇ ಥರ, ಒಳಗಿರೋದು ಬೇರೆ. ಎಂಆರ್‌ಐನ ಡಿಫ್ಯೂಷನ್ ಅನ್ನೋ ಫೋಟೋದಲ್ಲಿ ಗಟ್ಟಿ ಕೀವು ಬಿಳಿಯಾಗಿ ಹೊಳೆಯುತ್ತೆ, ವ್ಯತ್ಯಾಸ ತಿಳಿಯೋಕೆ ಅದು ತುಂಬಾ ಸಹಾಯ. ಇಲ್ಲಂತೂ ಅವ್ರು ಸಿರಿಂಜಲ್ಲಿ 15 ಎಂಎಲ್ ಕೀವನ್ನೇ ತೆಗೆದಿದ್ದಾರೆ.

---

ಉಣಕಲ್_ಕೆರಿ:

ನಮಸ್ಕಾರ ರೀ. ಡಾಕ್ಟರ್ ಸಾಹೇಬ್ರು ಎಲ್ಲಾ ಹೇಳ್ಯಾರ, ನಾ ನಮ್ದೊಂದು ಹೇಳ್ತೀನಿ, ಬ್ಯಾರೆ ಯಾರಿಗರ ಉಪಯೋಗ ಆಗಲಿ. ನಮ್ಮ ಹುಡುಗಗ ಕಿವಿಯಿಂದ ಬಂದಿದ್ದಲ್ಲ, ಹಾರ್ಟಿಂದ ಬಂತು. ಹುಟ್ಟಿದಾಗಿಂದ ಎದಿಯೊಳಗ ತೂತು ಇತ್ತು, ಟೆಟ್ರಾಲಜಿ ಆಫ್ ಫ್ಯಾಲೋ ಅಂತಾರ. ತುಟಿ, ಉಗುರು ನೀಲಿ ಆಗ್ತಿದ್ವು, ಆಡಕೋತ ಆಡಕೋತ ನಡುವ ಕುಕ್ಕರಗಾಲಿಲೆ ಕುಂತು ತೇಕ್ತಿದ್ದ. ಆಪರೇಷನ್ ಮಾಡಸ್ರಿ ಅಂತ ಹೇಳಿದ್ರು, ನಾವ ಇನ್ನೊಂದು ವರ್ಷ, ಇನ್ನೊಂದು ವರ್ಷ ಅಂತ ಮುಂದ ಹಾಕಿದ್ವಿ. ಆರು ವರ್ಷದಾಂವ ಇದ್ದಾಗ ಒಂದಿನ ಬಲಗೈ ಎತ್ತಾಕ ಬರವಲ್ದು ಅಂದ, ರೊಟ್ಟಿ ಮುರಿಯಾಕ ಆಗವಲ್ದು, ಎಡಗೈಲೆ ತಿನ್ನಾಕ ಹತ್ತಿದ.

ನಮಗ ಆವಾಗ ತಿಳಿಸಿ ಹೇಳಿದ್ದು ಹಿಂಗ: ಎಲ್ಲಾರ ರಕ್ತದಾಗೂ ಒಮ್ಮೊಮ್ಮೆ ಹಲ್ಲಿಂದ, ಗಾಯದಿಂದ ಸಣ್ಣ ಕ್ರಿಮಿ ಹೊಕ್ಕಾವ, ಆ ರಕ್ತ ಪುಪ್ಪುಸದಾಗ ಹಾದು ಬರೂವಾಗ ಸೋಸಿ ಹೊಕ್ಕೈತಿ. ಇಂಥಾ ಹುಡುಗರಿಗೆ ಒಂದಿಷ್ಟು ರಕ್ತ ಪುಪ್ಪುಸಕ್ಕ ಹೋಗದನ ಸೀದಾ ಮೆದುಳಿಗೆ ಹೊಕ್ಕೈತಿ, ಅದೂ ದಪ್ಪ ರಕ್ತ, ಹಂಗಾಗಿ ಅಲ್ಲಿ ಕ್ರಿಮಿ ಕೂಡಾಕ ಜಾಗ ಸಿಗತೈತಿ. ನೀಲಿ ಇರೂ ಹುಡುಗರಿಗೆ ತಲಿನೋವು, ವಾಂತಿ, ಫಿಟ್ಸ್ ಬಂತಂದ್ರ ತಡ ಮಾಡಬ್ಯಾಡ್ರಿ, ಸ್ಕ್ಯಾನ್ ಮಾಡಸ್ರಿ.

ಹಾರ್ಟ್ ವೀಕ್ ಇದ್ದಿದ್ದಕ್ಕ ಪೂರ್ತಿ ಅನಸ್ತೇಶಿಯಾ ಕೊಡೂದು ರಿಸ್ಕ್ ಅಂತ ಹೇಳಿ ಬರೇ ಆ ಜಾಗ ಜೋಮು ಮಾಡಿ, ಸ್ವಲ್ಪ ಮಂಪರು ಬರೂವಂಗ ಔಷಧ ಕೊಟ್ಟು ತೂತು ಮಾಡಿ ಕೀವು ತಗದ್ರು. ಎರಡು ಸಲ ರೀ, ನಮಗೂ. ಕೀವು ಪೂರಾ ಹ್ವಾದ ಮ್ಯಾಲೆ ಕೆಲವು ತಿಂಗಳು ಬಿಟ್ಟು ಹಾರ್ಟ್ ಆಪರೇಷನ್ ಆತು. ಈಗ ಬಲಗೈ ಸ್ವಲ್ಪ ಬಿಗಿ ಐತಿ, ಬರಿಯೂದು ಎಡಗೈಲೆ, ಉಳಿದದ್ದೆಲ್ಲಾ ಚಲೋ ಅದಾನ. ಅಂಗನವಾಡಿ, ಸಾಲಿಗೆ ಆರ್‌ಬಿಎಸ್‌ಕೆ ಅಂತ ಮಕ್ಕಳ ಆರೋಗ್ಯ ತಪಾಸಣಿ ಮಾಡೂ ಸರ್ಕಾರದ ಡಾಕ್ಟರ್ ಟೀಮ್ ಬರತೈತಲ್ಲ, ಹಾರ್ಟಿನ ತ್ರಾಸು, ಕಿವಿ ಸೋರೂದು ಎಲ್ಲಾ ನೋಡ್ತಾರ, ಅವರು ಚೀಟಿ ಬರದು ಕೊಟ್ರ ಮನ್ಯಾಗ ಇಟಗೊಂಡು ಕುಂದ್ರಬ್ಯಾಡ್ರಿ. ನಾವು ಇಟಗೊಂಡು ಕುಂತಿದ್ವಿ.

---

ಮಂಗಳೂರು_ಸಿಸ್ಟರ್:

ನಾನು ನ್ಯೂರೋ ಐಸಿಯುನಲ್ಲಿ ಸ್ಟಾಫ್ ನರ್ಸ್. ಮೇಲಿನ ಅಣ್ಣ ಹೇಳಿದ ಥರದ ಹಾರ್ಟ್ ಮಕ್ಕಳು ಬಂದ್ರೆ ನಾವು ಡ್ರಿಪ್ ಪೈಪಲ್ಲಿ ಒಂದು ಸಾಸಿವೆಯಷ್ಟು ಗಾಳಿಗುಳ್ಳೆ ಇದ್ರೂ ಬಿಡಲ್ಲ, ಬೆರಳಲ್ಲಿ ತಟ್ಟಿ ತಟ್ಟಿ ತೆಗೀತೇವೆ, ಯಾಕಂದ್ರೆ ಅದೂ ಸೀದಾ ಮೆದುಳಿಗೇ ಹೋಗುವ ಸಾಧ್ಯತೆ ಉಂಟು.

ತೀರ್ಥಹಳ್ಳಿ ಅಣ್ಣ, ಮಗುವಿನ ಹತ್ತಿರ ಕೂತಿರುವವರು ಏನು ನೋಡಬೇಕು ಅಂತ ಹೇಳ್ತೇನೆ. ನಿದ್ದೆ ಮತ್ತು ಮಂಪರಿಗೆ ವ್ಯತ್ಯಾಸ ತಿಳ್ಕೊಳ್ಳಿ. ನಿದ್ದೆಯಲ್ಲಿರುವ ಮಗು ಎಬ್ಬಿಸಿದ್ರೆ ಕಿರಿಕಿರಿ ಮಾಡ್ತದೆ, ಬೈತದೆ, ಅದು ಒಳ್ಳೇದೇ. ಎಬ್ಬಿಸಿದ್ರೂ ಎದ್ದು ಅರ್ಧ ಮಾತಿಗೇ ಮತ್ತೆ ಮಲಗಿದ್ರೆ, ಜೋರು ವಾಂತಿ ಆದ್ರೆ, ಕಣ್ಣು ಮೆಳ್ಳೆ ಆದ ಹಾಗೆ ಕಂಡ್ರೆ ಕೂಡಲೇ ಸಿಸ್ಟರಿಗೆ ಹೇಳಿ, ಅರ್ಧ ರಾತ್ರಿಯಾದ್ರೂ ಸರಿ, ಬೈತಾರೆ ಅಂತ ಹೆದರಬೇಡಿ. ತಲೆಯಿಂದ ಬಂದ ಪೈಪ್ ಇನ್ನೂ ಇದ್ರೆ ಹೇಳದೇ ಮಂಚ ಏರಿಸೋದು ಇಳಿಸೋದು, ಮಗುವನ್ನು ಎತ್ತಿ ಕೂರಿಸೋದು ಮಾಡಲೇಬಾರದು, ಎತ್ತರ ವ್ಯತ್ಯಾಸ ಆದ್ರೆ ನೀರು ಹೆಚ್ಚು ಹರಿದುಬಿಡ್ತದೆ ಇಲ್ಲವೇ ನಿಂತುಬಿಡ್ತದೆ.

ಇನ್ನೊಂದು ವಿಷಯ, ಮೆಟ್ರೋನಿಡಜೋಲ್ ಹೋಗುವಾಗ ಬಾಯಿಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ ಆಗ್ತದೆ, ಮಕ್ಕಳು ಅನ್ನ ಬೇಡ ಅಂತ ಹಟ ಮಾಡ್ತಾರೆ, ಅಮ್ಮಂದಿರು ಗಾಬರಿ ಆಗ್ತಾರೆ. ಗಂಜಿಗೆ ಒಂಚೂರು ನಿಂಬೆ ಉಪ್ಪಿನಕಾಯಿ ರಸ ಕೊಟ್ಟು ನೋಡಿ, ನಮ್ಮ ವಾರ್ಡಲ್ಲಿ ಸುಮಾರು ಮಕ್ಕಳು ಹಾಗೆ ತಿಂದದ್ದುಂಟು. ಕೆಲವು ವಾರ ಆದ ಮೇಲೆ ಕಾಲು ಜುಮುಜುಮು ಅಂದ್ರೆ ಡಾಕ್ಟರಿಗೆ ಹೇಳಿ, ಆ ಔಷಧಿಯಿಂದ ಆಗುವುದುಂಟು. ಫಿಟ್ಸಿನ ಮಾತ್ರೆ ಕೊಟ್ಟಿದ್ರೆ ನೀವಾಗಿ ನಿಲ್ಲಿಸಬೇಡಿ. ಕಿವಿಗೆ ನೀರು ಹೋಗಬಾರದು, ಸ್ನಾನ ಮಾಡಿಸುವಾಗ ಹತ್ತಿಗೆ ವ್ಯಾಸಲೀನ್ ಹಚ್ಚಿ ಹೊರಗೆ ಇಡಿ, ಎಣ್ಣೆ ಮಾತ್ರ ಇನ್ನು ಬೇಡವೇ ಬೇಡ ಅಂತ ಅಜ್ಜಿಗೆ ಪ್ರೀತಿಯಿಂದಲೇ ಹೇಳಿ. ಅವರು ತಮ್ಮಿಂದಲೇ ಹೀಗಾಯ್ತು ಅಂತ ಕೊರಗ್ತಾ ಇರ್ತಾರೆ. ಎಣ್ಣೆಯಿಂದ ಕೀವಾದದ್ದಲ್ಲ, ಕಿವಿ ತೋರಿಸುವುದು ತಡ ಆದದ್ದು.

---

ತೀರ್ಥಹಳ್ಳಿ_ಸೀಮೆ:

ಎಲ್ರಿಗೂ ಕೈ ಮುಗೀತೀನಿ. ಅವತ್ತು ರಾತ್ರಿ ನಿಮ್ಮೆಲ್ಲರ ಮೆಸೇಜು ಭಾವನಿಗೆ ಓದಿ ಹೇಳಿದೆ. ಬೆಳಿಗ್ಗೆ ಹಾಸನದ ಅಕ್ಕ ಹೇಳಿದ ಹಾಗೆ ಎರಡೂ ಸ್ಕ್ಯಾನ್ ಪಕ್ಕಪಕ್ಕ ತೋರ್ಸಿ ಅಂತ ಕೇಳಿದ್ವಿ, ಡಾಕ್ಟರ್ ಐದು ನಿಮಿಷ ನಿಂತು ತೋರ್ಸಿದ್ರು. ಗಡ್ಡೆ ಮೊದಲಿಗಿಂತ ಅರ್ಧ ಆಗಿತ್ತು. ಭಾವನ ಅಣ್ಣ ಸುಮ್ನೆ ನೋಡ್ತಾ ನಿಂತ್ರು, ಆಮೇಲೆ ಆ ಗ್ಲಾಸ್ಗೋ ಹುಡುಗನ ಕಥೇನ ನನ್ನ ಹತ್ರ ಇನ್ನೊಂದ್ಸಲ ಕೇಳಿದ್ರು. ಭಾವ ಸಹಿ ಹಾಕಿದ್ರು. ಅದೇ ತೂತಿಂದ 6 ಎಂಎಲ್ ಬಂತು, ಈ ಸಲ ತೆಳ್ಳಗಿತ್ತಂತೆ.

---

ತೀರ್ಥಹಳ್ಳಿ_ಸೀಮೆ:

ಮತ್ತೆ ನಾನೇ, ಮೂರು ವಾರದ ಮೇಲೆ. ಕಲ್ಚರಲ್ಲಿ ಪ್ರೋಟಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಬೆಳೆದಿತ್ತು, ಒಂದು ಔಷಧಿ ನಿಲ್ಸಿದ್ರು. ಮೊನ್ನೆ ಸ್ಕ್ಯಾನಲ್ಲಿ ಬಟಾಣಿ ಕಾಳಿನಷ್ಟು ಉಳಿದಿದೆ, ಮೂರನೇ ಸಲ ಬೇಕಾಗಲ್ಲ ಅಂದಿದಾರೆ. ತಲೆ ಪೈಪು ಯಾವಾಗ್ಲೋ ತೆಗೆದ್ರು, ಪಿಕ್ ಲೈನ್ ಇದೆ. ಸಿಸ್ಟರ್ ಹೇಳಿದ ಉಪ್ಪಿನಕಾಯಿ ರಸ ಕೆಲಸ ಮಾಡ್ತು, ಅಕ್ಕ ನಿಮಗೆ ವಿಶೇಷವಾಗಿ ಹೇಳು ಅಂದ್ಲು. ಫಿಸಿಯೋದವ್ರು ದಿನಾ ಒಂದು ಗೆರೆ ಮೇಲೆ ನಡೆಸ್ತಾರೆ, ಮೊದಲೆಲ್ಲ ಎರಡು ಹೆಜ್ಜೆಗೇ ಗೋಡೆ ಹಿಡ್ಕೋತಿದ್ದ, ಈಗ ಕಾರಿಡಾರಿನ ಕೊನೇವರೆಗೂ ಹೋಗ್ತಾನೆ, ತಿರುಗೋವಾಗ ಮಾತ್ರ ಸ್ವಲ್ಪ ವಾಲುತ್ತೆ.

ಕಿವಿ ಡಾಕ್ಟರ್ ನೋಡಿದ್ರು, ಕೊಲೆಸ್ಟಿಯಟೋಮಾನೇ, ಇಂಜೆಕ್ಷನ್ ಕೋರ್ಸ್ ಮುಗಿದ ಮೇಲೆ ಮಾಸ್ಟಾಯ್ಡ್ ಆಪರೇಷನ್ನಿಗೆ ದಿನ ಕೊಡ್ತಾರಂತೆ. ಆ ಕಿವೀಲಿ ಕೇಳಿಸೋದು ಕಮ್ಮಿ ಇದೆ ಅಂತಾನೂ ಈಗ್ಲೇ ಗೊತ್ತಾಗಿದ್ದು. ಸ್ಕೂಲಲ್ಲಿ ಹಿಂದಿನ ಬೆಂಚು, ಕರೆದ್ರೆ ಓಗೊಡಲ್ಲ ಅಂತ ಏಟು ತಿಂತಿದ್ನಂತೆ ಪಾಪ, ನಮಗೆ ಹೇಳೇ ಇರ್ಲಿಲ್ಲ.

ನಿನ್ನೆ ಅಜ್ಜಿ ಊರಿಂದ ಬಂದಿದ್ರು. ಅವರ ಮುಂದೆ ಆಸ್ಪತ್ರೆ ಶರ್ಟ್ ಬಿಚ್ಚಿ ಮನೆಯಿಂದ ತಂದ ಶರ್ಟ್ ಹಾಕ್ಕೊಂಡ, ಅಕ್ಕ ಸಹಾಯಕ್ಕೆ ಕೈ ಮುಂದೆ ಮಾಡಿದ್ರೆ ತಳ್ಳಿದ. ಐದು ಗುಂಡಿ. ನಾಲ್ಕನೇದು ತಪ್ಪಿ ಪಕ್ಕದ ಕಾಜಕ್ಕೆ ಹೋಯ್ತು, ಬಿಚ್ಚಿ ಮತ್ತೆ ಹಾಕಿದ.

ಹಾಸನದ ಅಕ್ಕಾ, ಇನ್ನೊಂದು ಕೇಳ್ಬೇಕಿತ್ತು, ನಿಮ್ಮ ಮಗಳಿಗೆ ಸ್ಕೂಲಲ್ಲಿ ಅಟೆಂಡೆನ್ಸ್ ಹೇಗೆ ಮಾಡಿದ್ರಿ? ಡಿಸ್ಚಾರ್ಜ್ ಸಮ್ಮರಿ ಕೊಟ್ರೆ ಸಾಕಾ, ಇಲ್ಲಾ ಬೇರೆ ಸರ್ಟಿಫಿಕೇಟ್ ಬರೆಸ್ಕೋಬೇಕಾ?

---

ಹಾಸನದ_ಅಮ್ಮ:

ಓದಿ ಕಣ್ಣಲ್ಲಿ ನೀರು ಬಂತು ತಮ್ಮಾ. ಸಮ್ಮರಿ ಜೊತೆಗೆ ಎಷ್ಟು ದಿನ ರೆಸ್ಟ್ ಬೇಕು ಅಂತ ಡಾಕ್ಟರ್ ಹತ್ರ ಒಂದು ಲೆಟರ್ ಬರೆಸ್ಕೊಳ್ಳಿ, ಹೆಡ್‌ಮಾಸ್ಟರಿಗೆ ಎರಡರ ಜೆರಾಕ್ಸ್ ಕೊಡಿ. ಆ ಲೆಟರಲ್ಲೇ ಎಡಗಿವಿ ಕೇಳಿಸೋದು ಕಮ್ಮಿ, ಮುಂದಿನ ಬೆಂಚಲ್ಲಿ, ಬಲಗಿವಿ ಟೀಚರ್ ಕಡೆ ಬರೋ ಹಾಗೆ ಕೂರಿಸಿ ಅಂತಾನೂ ಬರೆಸಿ. ಮರೀಬೇಡಿ.